ಸಪ್ಪೆ ಮಾತ್ರೆ

ಆಲೂರಿನ ನಾಜಿಮಾಗೆ ಆ ಕೆಲಸ ಸಿಕ್ಕಿದ್ದು ಅವಳಿಗಿದ್ದ ಎರಡು ಭಾಷೆಗಳಿಂದ. ಬಿ.ಎಸ್ಸಿ. ಓದಿದ್ದರಿಂದ ಇಂಗ್ಲಿಷ್ ಬರುತ್ತಿತ್ತು. ಅಪ್ಪನ ಕಿರಾಣಿ ಅಂಗಡಿಯಲ್ಲೇ ಆಡಿ ಬೆಳೆದಿದ್ದರಿಂದ ಮಗ್ಗೆ ಸುತ್ತಿನ ಹಳ್ಳಿ ಜನ ಆಡುವ ಕನ್ನಡವೂ ನಾಲಿಗೆ ತುದಿಯಲ್ಲೇ ಇತ್ತು. ಹೊಸ ಔಷಧಿಗಳನ್ನು ಜನರ ಮೇಲೆ ಪರೀಕ್ಷೆ ಮಾಡಿ ನೋಡುವ ಒಂದು ಸಂಸ್ಥೆಗೆ ಅಂಥವರೇ ಬೇಕಾಗಿದ್ದರು.

ಸಕ್ಕರೆ ಕಾಯಿಲೆಗೆ ಹೊಸ ಮಾತ್ರೆಯೊಂದು ಬಂದಿತ್ತು. ಅದು ಕೆಲಸ ಮಾಡುತ್ತೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಅದನ್ನು ತಿಳಿಯೋದಕ್ಕೆ ಹೆಗ್ಗದ್ದೆ ಕಡೆಯ ಕರಿಯಪ್ಪ ಗೌಡರ ಕಾಫಿ ಎಸ್ಟೇಟಿನಲ್ಲಿ ಆ ಕಾಯಿಲೆ ಇದ್ದ ಅರವತ್ತು ಜನ ಕೂಲಿಯವರನ್ನು ಆರಿಸಿದ್ದರು. ಅವರಿಗೆ ಒಪ್ಪಿಗೆ ಪತ್ರ ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಂಡು ಬರೋದು ನಾಜಿಮಾಳ ಕೆಲಸ.

"ಒಬ್ಬರಿಗೆ ಹತ್ತು ನಿಮಿಷ ಸಾಕು ಮೇಡಂ," ಅಂದಿದ್ದ ಅವಳ ಮೇಲಿನ ಅಧಿಕಾರಿ ಅಭಿಷೇಕ್. ಕೆಟ್ಟವನಲ್ಲ, ಆದರೆ ಸದಾ ಅವಸರದಲ್ಲಿರುವ ಹುಡುಗ. "ಕನ್ನಡದ್ದು ಮೂರೇ ಪುಟ. ಓದಿ, ಒತ್ತಿಸಿ, ಮುಗೀತು."

ಮನೆಗೆ ಬಂದ ನಾಜಿಮಾ ಆ ಮೂರು ಪುಟವನ್ನು ಅತ್ತೆ ಕುಲ್ಸುಂ ಮುಂದೆ ಗಟ್ಟಿಯಾಗಿ ಓದಿ ನೋಡಿದಳು. ಅತ್ತೆ ಶಾಲೆಗೆ ಹೋದವರಲ್ಲ. ಅವರಿಗೆ ಅರ್ಥವಾದರೆ ಎಸ್ಟೇಟಿನಲ್ಲಿ ಕೂಲಿಯವರಿರುವ ಲೈನ್ ಮನೆಗಳ ಜನಕ್ಕೂ ಅರ್ಥವಾಗುತ್ತೆ ಅನ್ನೋದು ಅವಳ ಲೆಕ್ಕ. ಕುಲ್ಸುಂ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದರು.

"'ಇದು ಜೋಡಿ ಕುರುಡು ಅಧ್ಯಯನವಾಗಿರುತ್ತದೆ,'" ಅಂತ ನಾಜಿಮಾ ಓದಿದಳು.

ಕುಲ್ಸುಂ ಕೈ ನಿಂತಿತು. "ಕುರುಡಾ? ಮಾತ್ರೆ ತಿಂದ್ರೆ ಎರಡು ಕಣ್ಣೂ ಹೋಗುತ್ತಾ ಬೇಟಿ?"

"ಅಯ್ಯೋ, ಇಲ್ಲ ಅಮ್ಮಿ!" ನಾಜಿಮಾಗೆ ನಗು ತಡೆಯಲಾಗಲಿಲ್ಲ. "ಅರ್ಧ ಜನಕ್ಕೆ ನಿಜವಾದ ಮಾತ್ರೆ ಕೊಡ್ತಾರೆ. ಇನ್ನರ್ಧ ಜನಕ್ಕೆ ಹಾಗೇ ಕಾಣೋ, ಆದ್ರೆ ಒಳಗೆ ಔಷಧಿನೇ ಇಲ್ಲದ ಮಾತ್ರೆ ಕೊಡ್ತಾರೆ. ಯಾರಿಗೆ ಯಾವುದು ಅಂತ ತಿನ್ನೋರಿಗೂ ಗೊತ್ತಿರಲ್ಲ, ಕೊಡೋ ಡಾಕ್ಟರಿಗೂ ಗೊತ್ತಿರಲ್ಲ. ಅದಕ್ಕೆ ಹಾಗಂತಾರೆ."

"ಔಷಧಿ ಇಲ್ಲದ್ದಕ್ಕೆ ಇದರಲ್ಲಿ ಏನಂತ ಬರೆದವ್ರೆ?"

"ನಿಷ್ಕ್ರಿಯ ದ್ರವ್ಯ ಅಂತ."

"ಸಪ್ಪೆ ಮಾತ್ರೆ ಅಂದ್ರೆ ಆಗಲ್ವಾ?" ಅಂದರು ಕುಲ್ಸುಂ, ಮತ್ತೆ ಬೆಳ್ಳುಳ್ಳಿಗೆ ಕೈ ಹಾಕುತ್ತಾ. "ಉಪ್ಪಿಲ್ಲದ ಸಾರು ನೋಡೋಕೆ ಸಾರೇ ಅಲ್ವಾ?"

ನಾಜಿಮಾ ಆ ಮಾತನ್ನು ಪೆನ್ಸಿಲ್‌ನಲ್ಲಿ ಅಂಚಿಗೆ ಬರೆದುಕೊಂಡಳು. ಇಂಗ್ಲಿಷ್ ಮೂಲದಲ್ಲಿ ಇದಕ್ಕೆ ಏನಿದೆ ನೋಡೋಣ ಅಂತ ಆ ಕಟ್ಟು ಬಿಚ್ಚಿದಾಗ ಅವಳ ನಗು ಇಳಿಯಿತು. ಇಂಗ್ಲಿಷ್ ಪತ್ರ ಹದಿನೆಂಟು ಪುಟ ಇತ್ತು. ಔಷಧಿಯಿಂದ ತೊಂದರೆ ಆದರೆ ಪೂರ್ತಿ ಚಿಕಿತ್ಸೆಯ ಖರ್ಚು ಅದನ್ನು ತಯಾರಿಸಿದ ಕಂಪನಿಯದ್ದು ಅಂತ ಒಂದು ಪುಟ. ಬೇಡ ಅನಿಸಿದ ದಿನ ಯಾರ ಅಪ್ಪಣೆಯೂ ಇಲ್ಲದೆ ಬಿಟ್ಟು ಹೋಗಬಹುದು, ಅದರಿಂದ ಕೆಲಸಕ್ಕಾಗಲಿ ಮನೆಗಾಗಲಿ ತೊಂದರೆ ಬರಕೂಡದು ಅಂತ ಇನ್ನೊಂದು. ಈಗ ತಿನ್ನುತ್ತಿರುವ ಮಾತ್ರೆ ನಿಲ್ಲಿಸಬಾರದು ಅಂತ ಮತ್ತೊಂದು. ಕನ್ನಡದ ಮೂರು ಪುಟದಲ್ಲಿ ಇದ್ಯಾವುದೂ ಇರಲಿಲ್ಲ. 'ಉಚಿತ ತಪಾಸಣೆ, ಉಚಿತ ಮಾತ್ರೆ' ಅನ್ನೋದು ಮಾತ್ರ ದಪ್ಪ ಅಕ್ಷರದಲ್ಲಿತ್ತು.

ಅಭಿಷೇಕ್‌ಗೆ ಫೋನ್ ಮಾಡಿ ಕೇಳಿದಳು.

"ಕನ್ನಡದ್ದು ಸಾರಾಂಶ ಮೇಡಂ," ಅಂದ ಅವನು. "ಹದಿನೆಂಟು ಪುಟ ಯಾರು ಓದ್ತಾರೆ? ನಿಜ ಹೇಳ್ಬೇಕಂದ್ರೆ ನಾನೇ ಪೂರ್ತಿ ಓದಿಲ್ಲ."

ಫೋನ್ ಇಟ್ಟ ಮೇಲೆ ನಾಜಿಮಾ ಎರಡೂ ಪತ್ರಗಳನ್ನು ಪಕ್ಕಪಕ್ಕ ಇಟ್ಟು ಮತ್ತೊಮ್ಮೆ ನೋಡಿದಳು. ಹೊಸ ಕೆಲಸ, ತಕರಾರು ತೆಗೆದರೆ ಹೋಗಿಬಿಡುತ್ತೇನೋ ಅನ್ನೋ ಅಳುಕು. ಆದರೂ ಮಾರನೇ ದಿನದಿಂದ ಬಿಟ್ಟುಹೋದ ಪುಟಗಳನ್ನು ಒಂದೊಂದಾಗಿ ಕನ್ನಡಕ್ಕೆ ಇಳಿಸತೊಡಗಿದಳು. ಬರೆದದ್ದನ್ನು ಅತ್ತೆಗೆ ಓದಿ ಹೇಳೋದು, ಅವರು ಹುಬ್ಬು ಗಂಟಿಕ್ಕಿದ ಕಡೆ ಹೊಡೆದುಹಾಕಿ ಮತ್ತೆ ಬರೆಯೋದು. ಲಾರಿಯಲ್ಲಿ ಕಾಫಿ ಮೂಟೆ ಸಾಗಿಸುವ ಗಂಡ ರಯೀಸ್ ಮಧ್ಯಾಹ್ನ ಊಟಕ್ಕೆ ಬಂದಾಗ ಅತ್ತೆ ಸೊಸೆ ಇಬ್ಬರೂ 'ಪ್ರತಿಕೂಲ ಪರಿಣಾಮ' ಅನ್ನೋದಕ್ಕೆ ಏನು ಹೇಳಬೇಕು ಅಂತ ಜಗಳ ಆಡುತ್ತಾ ಕೂತಿರುತ್ತಿದ್ದರು. "ಮೈಗೆ ಆಗಿಬರದೆ ಹೋದ್ರೆ ಅನ್ರಪ್ಪಾ, ನಂಗೆ ಊಟಕ್ಕಿಕ್ಕಿ," ಅಂದ ಅವನು. ಅದೂ ಅಂಚಿಗೆ ಹೋಯಿತು.

ಹದಿನೈದು ದಿನದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಸಂಸ್ಥೆಯ ಜೀಪು ಎಸ್ಟೇಟ್ ಹತ್ತಿತು. ಕಾಫಿ ಒಣಗಿಸುವ ಕಣದಲ್ಲಿ ಕೂಲಿ ಲೆಕ್ಕ ಬರೆಯುವ ಎಸ್ಟೇಟ್ ರೈಟರ್ ಗುರು ಜನರನ್ನು ಕೂರಿಸಿದ್ದ. ಕೊಯ್ಲು ಮುಗಿದು ಕಣ ಖಾಲಿಯಾಗಿತ್ತು. ಎಳೆ ಬಿಸಿಲು, ಮಕ್ಕಳ ಗಲಾಟೆ, ಹೊಸ ಸೀರೆ, ಒಂದು ಥರ ಮದುವೆ ಮನೆಯ ಹಾಗೆ. ಸಂಸ್ಥೆಯ ಡಾಕ್ಟರು ಚಂದ್ರಿಕಾ ಒಂದು ಮೇಜಿನ ಹಿಂದೆ ಕೂತರು. ಅಭಿಷೇಕ್ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ವಿಡಿಯೊ ಕ್ಯಾಮೆರಾ ನಿಲ್ಲಿಸಿದ. ಒಪ್ಪಿಗೆ ಕೊಡೋದು ಚಿತ್ರೀಕರಣ ಆಗಬೇಕು, ಅದನ್ನು ಆಮೇಲೆ ಹೊರಗಿನ ಸಮಿತಿಯವರು ನೋಡುತ್ತಾರೆ, ಅದು ನಿಯಮ.

ಮೊದಲು ಕರೆದದ್ದು ಹುಲಿಯಮ್ಮನನ್ನು. ನಲವತ್ತು ವರ್ಷದಿಂದ ಆ ಎಸ್ಟೇಟಿನಲ್ಲಿ ಕಾಫಿ ಹಣ್ಣು ಬಿಡಿಸುತ್ತಿದ್ದವಳು. ಎಲೆ ಅಡಿಕೆಯಿಂದ ಕೆಂಪಾದ ಬಾಯಿ, ಕಡ್ಡಿಯಂಥ ಮೈ, ಕಣದ ಆ ಕೊನೆಗೂ ಕೇಳಿಸುವ ಗಂಟಲು.

ನಾಜಿಮಾ ತನಗೆ ಕೊಟ್ಟ ಮೂರು ಪುಟ ಓದಿದಳು. ಅವಳದೇ ಕನ್ನಡದ ಕಟ್ಟು ಚೀಲದಲ್ಲಿತ್ತು. ತೆಗೆಯೋ ಧೈರ್ಯ ಬರಲಿಲ್ಲ.

"ಅರ್ಥ ಆಯ್ತಾ ಅಮ್ಮ? ಕ್ಯಾಮೆರಾ ನೋಡ್ಕೊಂಡು ಹೇಳಿ," ಅಂದ ಅಭಿಷೇಕ್.

ಹುಲಿಯಮ್ಮ ಸೆರಗು ಸರಿಮಾಡಿಕೊಂಡು ಕ್ಯಾಮೆರಾ ನೋಡಿದಳು. "ಇಲ್ಲ ಕಣಪ್ಪ," ಅಂದಳು.

ಕಣದಲ್ಲಿ ನಗು.

"ಏನು ಅರ್ಥ ಆಗ್ಲಿಲ್ಲಮ್ಮ?"

"ಈ ಮಾತ್ರೆ ತಿಂದು ನಂಗೇನಾರ ಆಗ್ಬುಟ್ರೆ ಯಾರು ನೋಡ್ಕತಾರೆ? ಸರ್ಕಾರಿ ಆಸ್ಪತ್ರೇಲಿ ಕೊಟ್ಟಿರೋ ಮಾತ್ರೆ ತಿನ್ಬೇಕೋ ಬುಡ್ಬೇಕೋ? ಬ್ಯಾಡ ಅಂದ್ರೆ ಲೈನ್ ಮನೆ ಬುಡ್ಸ್‌ಬುಡ್ತಾರಾ? ಈವಮ್ಮ ಓದಿದ್ರಲ್ಲಿ ಅದೊಂದೂ ಇಲ್ವಲ್ಲ."

ಅಭಿಷೇಕ್ ನಾಜಿಮಾಳ ಕಡೆ ನೋಡಿದ. ಡಾಕ್ಟರ್ ಚಂದ್ರಿಕಾನೂ ನೋಡಿದರು. ನಾಜಿಮಾಳ ಕೈ ತಾನಾಗಿ ಚೀಲಕ್ಕೆ ಹೋಯಿತು. "ಅದೆಲ್ಲ ಇಂಗ್ಲಿಷಿನಲ್ಲಿ ಇದೆ ಅಮ್ಮ. ನಾನು ಕನ್ನಡ ಮಾಡಿದ್ದೀನಿ. ಓದ್ತೀನಿ, ಕೇಳಿ," ಅಂದವಳೇ ಶುರುಮಾಡಿದಳು.

ಒಂದೂವರೆ ಗಂಟೆ ಹಿಡಿಯಿತು. ಯಾರೂ ಎದ್ದು ಹೋಗಲಿಲ್ಲ. 'ಸಪ್ಪೆ ಮಾತ್ರೆ' ಬಂದಾಗ ಕಣದ ತುಂಬ ಗುಸುಗುಸು ಎದ್ದಿತು. ಬೇಡ ಅಂದ ದಿನ ಬಿಡಬಹುದು ಅನ್ನೋ ಪುಟವನ್ನು ಹಿಂದೆ ಕೂತ ಈರಮ್ಮ ಇನ್ನೊಂದು ಸಲ ಓದಿಸಿದಳು. ಅಭಿಷೇಕ್ ಎರಡು ಸಲ ಗಡಿಯಾರ ತೋರಿಸಿದ. ಡಾಕ್ಟರ್ ಚಂದ್ರಿಕಾ ಮಾತ್ರ ತಮ್ಮ ಮುಂದಿನ ಇಂಗ್ಲಿಷ್ ಪತ್ರದ ಪುಟಗಳನ್ನು ನಾಜಿಮಾಳ ಓದಿಗೆ ಸರಿಯಾಗಿ ಮಗುಚುತ್ತಾ ಕೂತಿದ್ದರು. ಅವರ ಮುಖ ಕೆಂಪಾಗಿತ್ತು.

ಓದು ಮುಗಿದಾಗ ಹುಲಿಯಮ್ಮ ಮತ್ತೆ ಎದ್ದಳು. "ಒಂದು ಕೇಳ್ಲಾ? ನಮ್ ಗೌಡ್ರಿಗೂ ಶುಗರ್ ಐತೆ. ಹತ್ತು ವರ್ಸದಿಂದ ಐತೆ. ಅವರೆಸ್ರು ಯಾಕಿಲ್ಲ ಪಟ್ಟೀಲಿ? ಲೈನ್ ರಕ್ತ ಬ್ಯಾರೆ, ಬಂಗ್ಲೆ ರಕ್ತ ಬ್ಯಾರೆನಾ?"

ರೈಟರ್ ಗುರು ತಲೆ ಮೇಲೆ ಕೈ ಇಟ್ಟುಕೊಂಡ. ಯಾಕಂದರೆ ಕರಿಯಪ್ಪ ಗೌಡರು ಅದೇ ಹೊತ್ತಿಗೆ ಕಣದ ಪಕ್ಕದ ಕಾಫಿ ಸ್ಟೋರ್ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದರು. ಗೌಡರು ಲೋಟವನ್ನು ಕಿಟಕಿಯಲ್ಲಿಟ್ಟು, ಪಂಚೆ ಎತ್ತಿ ಕಟ್ಟಿಕೊಂಡು ಬಂದರು.

"ಹೌದಲ್ವೇ, ಹುಲಿಯಮ್ಮ ಹೇಳೋದು ಸರಿಯಾಗೇ ಐತೆ," ಅಂದರು. "ಬರ್ಕೊಳ್ಳಿ ಡಾಕ್ಟ್ರೇ ನನ್ನ ಹೆಸರೂನೂ. ಯಾಕೆ, ನಾನೇನು ಹೆದರ್ತೀನಾ?"

ಜನ ಹೋ ಅಂದರು. ಗೌಡರು ಬೀಗುತ್ತಾ ಕುರ್ಚಿ ಎಳೆದುಕೊಂಡು ಡಾಕ್ಟರ ಎದುರು ಕೂತರು. ಕೂತ ಮೇಲೆ ಅವರ ದನಿ ಸ್ವಲ್ಪ ಇಳಿಯಿತು. "ಅಲ್ಲ, ಈಗ ನಂಗೆ ಸಪ್ಪೆ ಮಾತ್ರೆ ಬಂದ್ರೆ? ಶುಗರ್ ಏರ್ಬುಟ್ರೆ?"

"ಇಲ್ಲ ಸರ್, ನೀವು ಈಗ ತಗೊಳ್ತಿರೋದನ್ನ ಮುಂದುವರಿಸ್ತೀರಿ. ಹೊಸದು ಅದರ ಜೊತೆಗೆ. ಹದಿನೈದು ದಿನಕ್ಕೊಂದು ಸಲ ನಾವೇ ರಕ್ತ ನೋಡ್ತೀವಿ," ಅಂದರು ಚಂದ್ರಿಕಾ.

"ಏನಾದ್ರೂ ಹೆಚ್ಚು ಕಮ್ಮಿ ಆದ್ರೆ?"

"ತಕ್ಷಣ ಹಾಸನಕ್ಕೆ ಕರ್ಕೊಂಡು ಹೋಗ್ತೀವಿ ಸರ್. ನಮ್ಮದೇ ವಾಹನ. ನನ್ನ ನಂಬರ್ ಇಟ್ಕೊಂಡಿರಿ, ಯಾವ ಹೊತ್ತಲ್ಲಾದ್ರೂ ಫೋನ್ ಮಾಡಿ."

"ಎಲ್ಲ ಮುಗಿದ ಮೇಲೆ ನಂಗೆ ಯಾವ ಮಾತ್ರೆ ಕೊಟ್ಟಿದ್ರಿ ಅಂತ ಹೇಳ್ತೀರಾ? ಔಷಧಿ ಒಳ್ಳೇದು ಅಂತಾದ್ರೆ ಆಮೇಲೂ ಸಿಗುತ್ತಾ?"

"ಹೇಳ್ತೀವಿ ಸರ್. ಕಂಪನಿ ಜೊತೆ ಮಾತಾಡಿ ಒಂದು ವರ್ಷ ಕೊಡಿಸ್ತೀನಿ."

ಇದೆಲ್ಲ ಕೇಳುತ್ತಿದ್ದ ನಾಜಿಮಾಗೆ ಒಂದು ಹೊಳೆಯಿತು. ಗೌಡರು ಕೇಳಿದ್ದೂ ಹುಲಿಯಮ್ಮ ಕೇಳಿದ್ದೂ ಹೆಚ್ಚು ಕಡಿಮೆ ಒಂದೇ. ಹುಲಿಯಮ್ಮನಿಗೆ ಎಲ್ಲರೂ ಮುಖ ಮುಖ ನೋಡಿಕೊಂಡಿದ್ದರು, ಗೌಡರಿಗೆ ಪ್ರತಿ ಮಾತಿಗೂ ಉತ್ತರ, ಜೊತೆಗೆ ಫೋನ್ ನಂಬರು. ಅವಳು ಅದನ್ನು ಹೇಳಲೋ ಬೇಡವೋ ಅಂತಿರುವಾಗಲೇ ಹುಲಿಯಮ್ಮನ ಗಂಟಲು ಕೇಳಿಸಿತು.

"ಡಾಕ್ಟ್ರಮ್ಮ, ಈಗ ಗೌಡ್ರಿಗೆ ಏನೇನು ಹೇಳಿದ್ರಿ, ಅದು ನಮಗೂವೆ ಅಲ್ವಾ?"

"ಹೌದು," ಅಂದರು ಚಂದ್ರಿಕಾ. "ಎಲ್ಲರಿಗೂ."

"ಹಂಗಾರೆ ಬರ್ಕೊಡಿ."

"ಬರೆಯೋದೇನು ಬಂತು," ಅನ್ನುತ್ತಾ ನಾಜಿಮಾ, ತನ್ನ ದನಿಗೆ ತಾನೇ ಬೆರಗಾಗಿ, ಸ್ಟ್ಯಾಂಡಿನ ಕಡೆ ಕೈ ತೋರಿಸಿದಳು. "ಕ್ಯಾಮೆರಾ ಆಗಿಂದ ಓಡ್ತಾನೇ ಇದೆ."

ಅಭಿಷೇಕ್ ಓಡಿಹೋಗಿ ನೋಡಿದ. ಕೆಂಪು ದೀಪ ಉರಿಯುತ್ತಿತ್ತು. ಕಣದಲ್ಲಿ ಎದ್ದ ನಗೆಗೆ ಸ್ಟೋರ್ ಮಾಡಿನ ಪಾರಿವಾಳಗಳು ಹಾರಿಹೋದವು. ಗೌಡರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವತ್ತು ಒಂದು ಹೆಬ್ಬೆಟ್ಟೂ ಬೀಳಲಿಲ್ಲ. ಜೀಪಿನಲ್ಲಿ ಇಳಿದು ಬರುವಾಗ ಅಭಿಷೇಕ್ ಕ್ಯಾಮೆರಾ ಮಡಿಲಲ್ಲಿಟ್ಟುಕೊಂಡು ಹೊರಗೇ ನೋಡುತ್ತಿದ್ದ. ಕೆಲಸ ಹೋಯಿತು ಅಂತಲೇ ನಾಜಿಮಾ ಅಂದುಕೊಂಡಳು. ಸಕಲೇಶಪುರ ಸಮೀಪಿಸುವಾಗ ಮುಂದಿನ ಸೀಟಿನಲ್ಲಿದ್ದ ಡಾಕ್ಟರ್ ಚಂದ್ರಿಕಾ ತಿರುಗಿದರು.

"ನಾನು ಸಹಿ ಹಾಕಿದ ಪತ್ರ ಅದು ನಾಜಿಮಾ. ಇಂಗ್ಲಿಷ್‌ನದ್ದು ಓದಿದ್ದೆ. ಕನ್ನಡದ್ದು ತಿರುಗಿ ಕೂಡ ನೋಡಿರಲಿಲ್ಲ. ನಾನೂ ಇದೇ ಜಿಲ್ಲೆಯವಳೇ," ಅಂದರು. ಆಮೇಲೆ ಅಭಿಷೇಕ್ ಕಡೆ ನೋಡಿ, "ಈ ವಿಡಿಯೊನ ಹೀಗೇ ಸಮಿತಿಗೆ ಕಳಿಸೋಣ. ಒಂದು ನಿಮಿಷಾನೂ ಕತ್ತರಿಸೋದು ಬೇಡ. ನಾಜಿಮಾ ಬರೆದದ್ದನ್ನೂ ಜೊತೆಗಿಡಿ," ಅಂದರು.

"ತಡ ಆಗುತ್ತೆ ಮೇಡಂ," ಅಂದ ಅಭಿಷೇಕ್.

"ಆಗ್ಲಿ."

ಆರು ವಾರ ತಡವಾಯಿತು. ಸಮಿತಿಯವರು ವಿಡಿಯೊ ನೋಡಿ ಕಂಪನಿಗೆ ಬಿರುಸಾಗಿಯೇ ಕಾಗದ ಬರೆದರಂತೆ. ಮೂರು ಪುಟದ ಪತ್ರ ರದ್ದಾಯಿತು. ನಾಜಿಮಾಳ ಹದಿನೆಂಟು ಪುಟ, ಗೌಡರಿಗೆ ಕೊಟ್ಟ ಮಾತುಗಳನ್ನೂ ಸೇರಿಸಿಕೊಂಡು ಇಪ್ಪತ್ತಾಗಿ, ಮೊಹರು ಬಿದ್ದು ಬಂತು. 'ಸಪ್ಪೆ ಮಾತ್ರೆ' ಅನ್ನೋದನ್ನು ಹಾಗೇ ಬಿಟ್ಟಿದ್ದರು. ಆ ಪುಟವನ್ನು ನಾಜಿಮಾ ಅತ್ತೆಗೆ ತೋರಿಸಿದಾಗ ಕುಲ್ಸುಂ ಅಕ್ಷರ ಬರದಿದ್ದರೂ ಅದರ ಮೇಲೆ ಬೆರಳಾಡಿಸಿ, "ಇದು ನಂದಾ?" ಅಂದರು. ಸಂಜೆಯೊಳಗೆ ಬೀದಿಯವರಿಗೆಲ್ಲ ಗೊತ್ತಾಯಿತು.

ಕಾಫಿ ಹೂ ಬಿಟ್ಟು ಬೆಟ್ಟವೆಲ್ಲ ಘಮ್ಮೆನ್ನುವಾಗ ಮತ್ತೆ ಕಣ ಸೇರಿತು. ಈ ಸಲ ಕೇಳಿಸಿಕೊಂಡು ಮನೆಗೆ ಹೋಗಿ, ಒಂದು ವಾರ ಯೋಚಿಸಿ ಬರಬೇಕು ಅಂತ ನಿಯಮ. ಅರವತ್ತು ಜನರಲ್ಲಿ ನಲವತ್ತೊಂದು ಜನ ಬಂದು ಒಪ್ಪಿದರು. ಉಳಿದವರು ಬೇಡ ಅಂದರು. ಬೇಡ ಅಂದವರ ಹೆಸರು ಬರೆದುಕೊಳ್ಳಲು ಹೊರಟ ರೈಟರ್ ಗುರುವಿಗೆ ನಾಜಿಮಾ, ಬೇಡ ಅಂದವರಿಗೆ ತೊಂದರೆ ಬರಕೂಡದು ಅನ್ನೋ ಹನ್ನೆರಡನೇ ಪುಟ ತೆಗೆದು ತೋರಿಸಿದಳು. ಅವನು ಪೆನ್ನು ಜೇಬಿಗೆ ಸೇರಿಸಿದ.

ತಮಾಷೆ ನಡೆದದ್ದು ಹುಲಿಯಮ್ಮನ ಸರದಿಯಲ್ಲಿ. ಮೊದಲು ಯಾರೂ ನೋಡದಿದ್ದ ಆಧಾರ್ ಕಾರ್ಡಿನಲ್ಲಿ ಅವಳ ವಯಸ್ಸು ಎಪ್ಪತ್ತೆರಡು ಇತ್ತು. ಎಪ್ಪತ್ತು ದಾಟಿದವರನ್ನು ಸೇರಿಸುವ ಹಾಗಿರಲಿಲ್ಲ.

"ಆ ಕಾರ್ಡ್ ಮಾಡಿದೋನು ನನ್ನ ಮುಖ ನೋಡಿ ಬಾಯಿಗೆ ಬಂದಿದ್ದು ಬರ್ಕಂಡ!" ಅಂತ ಹುಲಿಯಮ್ಮ ಕೂಗಾಡಿದಳು. "ಇಷ್ಟೆಲ್ಲ ಕೇಳ್ಕೊಂಡು ಸರಿ ಮಾಡ್ಸಿದೋಳು ನಾನು. ನನ್ನೇ ಬ್ಯಾಡ ಅಂದ್ರಾ? ನಂಗೆ ಸಪ್ಪೆ ಮಾತ್ರೆನಾರ ಕೊಡ್ರವ್ವ!"

ಯಾರು ಎಷ್ಟು ಸಮಾಧಾನ ಮಾಡಿದರೂ ಅವಳ ಸಿಟ್ಟು ಇಳಿಯಲಿಲ್ಲ. ಕೊನೆಗೆ ನಾಜಿಮಾ ತನ್ನ ಪಕ್ಕದಲ್ಲೇ ಒಂದು ಕುರ್ಚಿ ಹಾಕಿಸಿದಳು. ಅಲ್ಲಿಂದ ಮುಂದೆ ಸಹಿ ಹಾಕಲು ಬಂದವರನ್ನೆಲ್ಲ ಹುಲಿಯಮ್ಮನೇ ತಡೆದು, "ಏನು ತಿಳ್ಕಂಡೆ, ಹೇಳು ನೋಡಣ," ಅಂತ ಕೇಳತೊಡಗಿದಳು. ತಡವರಿಸಿದವರನ್ನು ವಾಪಸ್ ಕಳಿಸಿದಳು. ಕರಿಯಪ್ಪ ಗೌಡರನ್ನೂ ಬಿಡಲಿಲ್ಲ. ಅವರು ಶಾಲೆ ಹುಡುಗನ ಹಾಗೆ ಕೈಕಟ್ಟಿ ಒಪ್ಪಿಸಿದರು.

ಮಳೆಗಾಲದ ನಡುವೆ ಒಂದು ದಿನ ಈರಮ್ಮ ಕೆಲಸದ ಜಾಗದಲ್ಲೇ ತಲೆ ಸುತ್ತು ಬಂದು ಕೂತುಬಿಟ್ಟಳು. ಮೊದಲಾಗಿದ್ದರೆ ಒಂದು ಲೋಟ ನೀರು ಕೊಟ್ಟು ಮನೆಗೆ ಕಳಿಸುತ್ತಿದ್ದರು. ಈಗ ಅವಳ ಸೊಸೆ ಸೀದಾ ಡಾಕ್ಟರ್ ಚಂದ್ರಿಕಾಗೇ ಫೋನ್ ಮಾಡಿದಳು. ಆ ನಂಬರು ಈಗ ಲೈನಿನ ಪ್ರತಿ ಮನೆಯ ಬಾಗಿಲ ಮೇಲೂ ಸೀಮೆಸುಣ್ಣದಲ್ಲಿ ಬರೆದಿತ್ತು. ಎರಡು ಗಂಟೆಯೊಳಗೆ ವಾಹನ ಬಂತು. ನಾಜಿಮಾ ಹಾಸನಕ್ಕೆ ಹೋಗಿ ಮೂರು ದಿನವೂ ಈರಮ್ಮನನ್ನು ನೋಡಿ ಬಂದಳು. ಸಕ್ಕರೆ ಅಂಶ ತೀರ ಇಳಿದುಹೋಗಿತ್ತು, ಅಷ್ಟೆ. ನಾಲ್ಕನೇ ದಿನ ಈರಮ್ಮ ಗುಣವಾಗಿ ಎದ್ದು ಕೂತು, "ನಂಗೆ ಇನ್ನು ಈ ಮಾತ್ರೆ ಬ್ಯಾಡ ಕಣವ್ವ. ಬುಡ್ಬೌದು ಅಂತ ನೀನೇ ಎರಡು ಸಲ ಓದಿದ್ದೆ," ಅಂದಳು.

"ಬಿಡಿ ಈರಮ್ಮ. ಯಾರೂ ಏನೂ ಕೇಳಲ್ಲ."

"ಡಾಕ್ಟ್ರಮ್ಮಂಗೆ ಬೇಜಾರಾಗಲ್ವಾ?"

"ಆಗಲ್ಲ," ಅಂದರು ಬಾಗಿಲಲ್ಲಿ ನಿಂತಿದ್ದ ಚಂದ್ರಿಕಾ. ಆಸ್ಪತ್ರೆಯಿಂದ ಹೊರಡುವಾಗ ಈರಮ್ಮನ ದೂರು ಒಂದೇ: ಅಲ್ಲಿನ ಉಪ್ಪಿಟ್ಟಿಗೆ ಒಗ್ಗರಣೆ ಸಾಲದು ಅಂತ. ಮುಂದಿನ ವಾರ ಅವಳು ಎಂದಿನಂತೆ ಕೆಲಸಕ್ಕೆ ಬಂದಳು. ಒಂದು ದಿನದ ಕೂಲಿಯೂ ಕಟ್ಟಾಗಿರಲಿಲ್ಲ, ಯಾರೂ ಒಂದು ಮಾತೂ ಆಡಿರಲಿಲ್ಲ. ನಾಜಿಮಾಗೆ ಅವತ್ತು ಬಸ್ಸಿನ ಕಿಟಕಿಯಲ್ಲಿ ಕೂತು ಸುಮ್ಮನೆ ಕಣ್ಣು ತುಂಬಿ ಬಂತು. ಪುಟವೊಂದು ಮನುಷ್ಯರನ್ನು ಹೀಗೂ ಕಾಯುತ್ತೆ ಅಂತ ಅವಳು ಅಂದುಕೊಂಡಿರಲಿಲ್ಲ.

ಇತ್ತ ಕರಿಯಪ್ಪ ಗೌಡರು ಹೊಸ ಮಾತ್ರೆಯ ದೊಡ್ಡ ಭಕ್ತರಾಗಿಬಿಟ್ಟಿದ್ದರು. ಮೈ ಹಗುರಾಗಿದೆ, ಮಂಡಿ ನೋವು ಹೋಯಿತು, ಓದೋದಕ್ಕೆ ಕನ್ನಡಕವೂ ಬೇಡ ಅನಿಸುತ್ತೆ ಅಂತ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಔಷಧಿಯ ಗುಣ ಪೂರ್ತಿ ಹಿಡಿಯಲಿ ಅಂತ ದಿನಾ ಬೆಳಿಗ್ಗೆ ಗುಡ್ಡದ ನೆತ್ತಿವರೆಗೂ ನಡೆದು ಬರುತ್ತಿದ್ದರು. ಕಾಫಿಗೆ ಸಕ್ಕರೆ ಬಿಟ್ಟರು. ಅವರ ರಕ್ತದ ಲೆಕ್ಕವೂ ನಿಜವಾಗಿ ಇಳಿದಿತ್ತು.

ಎಂಟು ತಿಂಗಳು ಕಳೆದು, ಹಣ್ಣು ಕೆಂಪೇರಿ ಕೊಯ್ಲು ಶುರುವಾಗುವ ಮುಂಚೆ, ಫಲಿತಾಂಶ ಬಂತು. ಔಷಧಿ ಕೆಲಸ ಮಾಡುತ್ತೆ, ಆದರೆ ಪ್ರಮಾಣ ಸ್ವಲ್ಪ ತಗ್ಗಿಸಬೇಕು ಅಂತ ತೀರ್ಮಾನವಾಗಿತ್ತು. ಮಾತು ಕೊಟ್ಟಂತೆ ಯಾರಿಗೆ ಯಾವ ಮಾತ್ರೆ ಅನ್ನೋ ಪಟ್ಟಿ ಹಿಡಿದು ಚಂದ್ರಿಕಾ ಬಂದರು. ಒಬ್ಬೊಬ್ಬರನ್ನೇ ಸ್ಟೋರ್ ಒಳಗೆ ಕರೆದು ಹೇಳಿದರು. ಗೌಡರು ಒಳಗೆ ಹೋದವರು ತುಂಬ ಹೊತ್ತು ಹೊರಗೆ ಬರಲಿಲ್ಲ.

ಬಂದಾಗ ಮುಖ ಒಂಥರ ಆಗಿತ್ತು. ಯಾರೂ ಕೇಳದಿದ್ದರೂ ಅವರೇ ಹೇಳಿಬಿಟ್ಟರು. "ಸಪ್ಪೇದು ಕಣ್ರೀ ನಂಗೆ ಕೊಟ್ಟಿದ್ದು. ಎಂಟು ತಿಂಗಳು!"

ಯಾರೂ ತಕ್ಷಣ ನಗಲಿಲ್ಲ. ಗೌಡರಲ್ಲವೇ. ಅಷ್ಟರಲ್ಲಿ ಅವರ ಮೀಸೆ ಅಲುಗಿತು, ಭುಜ ಕುಲುಕಿತು, ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. "ಮಂಡಿ ನೋವು ಹೋಗಿತ್ತಲ್ಲ ಗೌಡ್ರೇ?" ಅಂತ ಹುಲಿಯಮ್ಮ ಕೇಳಿದಳು. "ಕನ್ನಡಕ?"

"ಸುಮ್ನಿರೇ ಮಾರಾಯ್ತಿ," ಅಂದರು ಗೌಡರು, ಕಣ್ಣೊರೆಸಿಕೊಳ್ಳುತ್ತಾ. "ಗುಡ್ಡ ಹತ್ತಿದ್ದಂತೂ ಸುಳ್ಳಲ್ಲ. ಶುಗರ್ ಇಳಿದಿದ್ದು ಅದರಿಂದಾನೇ ಅಂತ ಡಾಕ್ಟ್ರು ಹೇಳಿದ್ರು."

ಒಂದು ವರ್ಷದ ಮಾತ್ರೆ ಪೊಟ್ಟಣಗಳು ಹೆಬ್ಬೆಟ್ಟು ಒತ್ತಿದವರಿಗೂ ಗೌಡರಿಗೂ ಒಂದೇ ಪೆಟ್ಟಿಗೆಯಲ್ಲಿ ಬಂದವು. ನಾಜಿಮಾ ಲೈನಿನ ಮನೆ ಮನೆಗೂ ಹೋಗಿ ಹಂಚಿದಳು. ಒಬ್ಬರೂ ಬರಿಗೈಯಲ್ಲಿ ಕಳಿಸಲಿಲ್ಲ. ಸಂಜೆ ಬಸ್ ಹತ್ತುವಾಗ ಅವಳ ಚೀಲದ ತುಂಬ ಚಕ್ಕೋತ, ಬಾಳೆಕಾಯಿ, ಕಾಡುಮಾವಿನ ಉಪ್ಪಿನಕಾಯಿ.

ಸಂಕ್ರಾಂತಿ ಕಳೆದ ಮೇಲೆ ಮಗ್ಗೆ ಕಡೆ ರಕ್ತದೊತ್ತಡದ ಔಷಧಿಗೆ ಇನ್ನೊಂದು ಪರೀಕ್ಷೆ ಅಂತ ಅಭಿಷೇಕ್ ಹೊಸ ಇಂಗ್ಲಿಷ್ ಕಟ್ಟು ಕಳಿಸಿದ. 'ಕನ್ನಡ ಪೂರ್ತಿ ಆಗ್ಲಿ, ಎಷ್ಟು ದಿನ ಬೇಕಾದ್ರೂ ತಗೊಳ್ಳಿ ಮೇಡಂ' ಅಂತ ಚೀಟಿ ಬೇರೆ. ನಾಜಿಮಾ ರಯೀಸ್‌ನ ಲಾರಿ ಆ ಕಡೆ ಹೋದ ದಿನ ಹುಲಿಯಮ್ಮನನ್ನು ಆಲೂರಿಗೆ ಕರೆಸಿಕೊಂಡಳು. ಕುಲ್ಸುಂ ಅಕ್ಕಿ ರೊಟ್ಟಿ, ಕೋಳಿ ಸಾರು ಮಾಡಿದ್ದರು. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ಅಡಿಯಿಂದ ಮುಡಿವರೆಗೆ ನೋಡಿಕೊಂಡರು.

"ಸಪ್ಪೆ ಮಾತ್ರೆ ಅಂದೋರು ನೀವೇನಾ?" ಅಂದಳು ಹುಲಿಯಮ್ಮ.

"ಕ್ಯಾಮೆರಾ ಮುಂದೆ 'ಇಲ್ಲ' ಅಂದೋಳು ನೀನಾ?" ಅಂದರು ಕುಲ್ಸುಂ.

ಊಟ ಆದ ಮೇಲೆ ನಾಜಿಮಾ ಚಾಪೆ ಹಾಸಿ ಓದಲು ಕೂತಳು. ಎರಡನೇ ಸಾಲು ದಾಟಲಿಲ್ಲ. 'ರಕ್ತದೊತ್ತಡ' ಅನ್ನೋದಕ್ಕೆ ಬಿಪಿ ಅಂದರೇ ಸಾಕು ಅಂತ ಕುಲ್ಸುಂ, ಬಿಪಿ ಅಂದರೆ ಜನ ಕೋಪ ಅಂದುಕೊಳ್ಳುತ್ತಾರೆ ಅಂತ ಹುಲಿಯಮ್ಮ. ಇಬ್ಬರ ದನಿಯೂ ಏರುತ್ತಾ ಹೋಯಿತು. ನಾಜಿಮಾ ಪೆನ್ಸಿಲ್ ಚೂಪು ಮಾಡಿಕೊಳ್ಳುತ್ತಾ ಕಾದಳು.